ಜಿಂಕೆ ದುರ್ಬೀನಿಗೆ ಮಾವನ ಪರೀಕ್ಷೆ

ನಮ್ಮ ಮಾವ ಸೊಳ್ಳೆ ಹೊಡೆಯುವುದಕ್ಕೂ ಹಿಂದೆಮುಂದೆ ನೋಡುವವರು. ಅಂಥವರ ಪಾಲಿಗೆ ಹೋದ ವರ್ಷ ಜಿಂಕೆ ಬೇಟೆಯ ಬಂದೂಕಿನ ಮೇಲೆ ಕೂರಿಸುವ ಒಂಟಿಗಣ್ಣಿನ ದುರ್ಬೀನು ಆರಿಸುವ ಕೆಲಸ ಬಂತು.

ತಂದವರು ಅವರ ಹಳೆಯ ಸ್ನೇಹಿತರೊಬ್ಬರು. ಮಾವನೂ ಅವರೂ ಸರ್ಕಾರಿ ಕಾರ್ಖಾನೆಯಲ್ಲಿ ಲೆನ್ಸ್ ತಪಾಸಣೆ ಮಾಡುತ್ತಿದ್ದವರು. ಸ್ನೇಹಿತರು ಫ್ರೇಜರ್ ಟೌನಿನ ಮನೆ ಮಾರಿ ಆಸ್ಟ್ರೇಲಿಯಾ ಸೇರಿ ಎಷ್ಟೋ ಕಾಲವಾಗಿತ್ತು. ಅಲ್ಲಿ ಲೈಸೆನ್ಸ್ ಇದ್ದರೆ ಜಿಂಕೆ ಹೊಡೆಯಬಹುದಂತೆ. ಊರಿಗೆ ಬರುವಾಗ ಎರಡು ದುರ್ಬೀನುಗಳನ್ನು ಸೂಟ್‌ಕೇಸಿನಲ್ಲಿ ತಂದು, ಹಲಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟರು.

"ಅಂಗಡಿಯವನು ಎರಡೂ ಫಸ್ಟ್ ಕ್ಲಾಸ್ ಅಂತಾನೆ. ನೀನು ನೋಡಿ ಹೇಳು ಗುರು. ಬೇಡದ್ದನ್ನ ವಾಪಸ್ ಕೊಡ್ತೀನಿ."

"ಜಿಂಕೆ ಹಿಂದೆ ಹೋದೋರು ಪುರಾಣದಲ್ಲೂ ಉದ್ಧಾರ ಆಗಿಲ್ಲ," ಎಂದು ಅತ್ತೆ ಕಾಫಿ ಕೊಟ್ಟರು.

ಮಾವನಿಗೆ ತಪಾಸಣೆ ಕೆಲಸವಷ್ಟೇ ಅಲ್ಲ, ಸ್ವಭಾವ. ಕಾರ್ಖಾನೆಯಲ್ಲಿ ತಳ್ಳಿಹಾಕಿದ ಮಾಲಿಗೆ ಕೆಂಪು ಗುರುತು ಹಚ್ಚುತ್ತಿದ್ದರು. ನಿವೃತ್ತಿಯ ನಂತರ ಅತ್ತೆಯ ಸ್ಟಿಕರ್ ಬೊಟ್ಟುಗಳು ಆ ಕೆಲಸಕ್ಕೆ ಬಂದವು. ಬಿರುಕು ಬಿಟ್ಟ ಲೋಟ, ಓರೆಯಾದ ಬಾಗಿಲು, ಸರಿಯಾಗಿ ಕೂರದ ಕುಕ್ಕರ್ ಮುಚ್ಚಳ, ಎಲ್ಲದಕ್ಕೂ ಒಂದೊಂದು ಬೊಟ್ಟು. ನನ್ನನ್ನು ನೋಡಲು ಬಂದ ದಿನ ನನ್ನ ಹಣೆಯಲ್ಲಿ ಮೊದಲೇ ಬೊಟ್ಟಿತ್ತು, ಜಾಗವಿಲ್ಲದೆ ಪಾಸು ಮಾಡಿದರು ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ.

ಆದರೆ ಒಂದು ವರ್ಷದಿಂದ ಮಾವ ತಳ್ಳಿಹಾಕುತ್ತಿದ್ದ ಸಾಮಾನಿನ ಸಂಖ್ಯೆ ಹೆಚ್ಚಾಗಿತ್ತು. ಟಿವಿ ಮಸುಕು, ಪೇಪರಿನ ಅಚ್ಚು ಮಸುಕು, ಬೀದಿ ದೀಪ ಮಸುಕು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ ಕೆಂಡವಾಗುತ್ತಿದ್ದರು. "ಈ ಕಣ್ಣಿನ ಮೇಲೆ ಒಂದೇ ಒಂದು ಕಂಪ್ಲೇಂಟ್ ಬಂದಿಲ್ಲ, ಗೊತ್ತಾ?" ಸ್ಕೂಟರ್ ಓಡಿಸುವುದನ್ನು ಮಾತ್ರ ಬಿಡಲಿಲ್ಲ. ರಸೆಲ್ ಮಾರುಕಟ್ಟೆಯಿಂದ ಬರುವಾಗ ಮಲಗಿದ್ದ ಹಸುವನ್ನು ಹಂಪ್ ಎಂದುಕೊಂಡು ಹತ್ತಿಸಲು ಹೋಗಿದ್ದರು. ಹಸುವಿನ ಕಣ್ಣು ಚೆನ್ನಾಗಿತ್ತು, ಎದ್ದು ಹೋಯಿತು. ಮುಂದಿನ ಸಲ ಅಲ್ಲಿ ಮಗು ಇದ್ದರೆ ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ. ಇದನ್ನೆಲ್ಲ ಸ್ನೇಹಿತರಿಗೆ ಅಡುಗೆಮನೆಯ ಬಾಗಿಲಲ್ಲಿ ಮೆಲ್ಲಗೆ ಹೇಳಿದೆ.

ಜಿಂಕೆ ಮೇಯಲು ಹೊರಡುವುದು ಮಬ್ಬುಗತ್ತಲಲ್ಲಿ, ಪರೀಕ್ಷೆಯೂ ಆಗಲೇ ಆಗಬೇಕು ಎಂದು ಸ್ನೇಹಿತರು ಹೇಳಿದರು. ಸಂಜೆ ಮೂವರೂ ತಾರಸಿ ಹತ್ತಿದೆವು. ಹಲಸೂರಿನಲ್ಲಿ ಜಿಂಕೆ ಎಲ್ಲಿಂದ ಬರಬೇಕು? ಆಚೆ ಬೀದಿಯ ತಾರಸಿಯಲ್ಲಿ ಬಕ್ರೀದ್‌ಗೆ ತಂದ ಕಂದು ಹೋತವೊಂದು ಕಟ್ಟಿತ್ತು. ಅದನ್ನೇ ಜಿಂಕೆ ಮಾಡಿಕೊಂಡೆವು.

ಮಾವ ಹಳೆಯ ಮಲ್ಲು ಪಂಚೆಯ ತುಂಡಿನಿಂದ ಗಾಜು ಒರೆಸಿ, ಕನ್ನಡಕ ತೆಗೆದು, ಬಲಗಣ್ಣು ಹಚ್ಚಿದರು.

"ಮಸುಕು. ರಿಜೆಕ್ಟ್."

ಎರಡನೆಯದನ್ನು ಎತ್ತಿಕೊಂಡರು. "ಇದೂ ಮಸುಕು. ಮೋಸ ಹೋಗಿದೀಯ ಕಣೋ."

ಸ್ನೇಹಿತರು ಎರಡರಲ್ಲೂ ನೋಡಿ ನನ್ನ ಕೈಗೆ ಕೊಟ್ಟರು. ಹೋತ ಸೊಪ್ಪು ಜಗಿಯುತ್ತಿತ್ತು, ಹಲ್ಲು ಕೂಡ ಕಾಣುತ್ತಿತ್ತು. ಅಷ್ಟರಲ್ಲಿ ಅದರ ಯಜಮಾನರು ನಮ್ಮನ್ನು ಕಂಡುಬಿಟ್ಟರು.

"ಏನ್ ಸಾರ್, ನಮ್ ಬಕ್ರಾ ಮೇಲೆ ಕಣ್ ಹಾಕ್ತಾ ಇದೀರಾ?"

"ನಾವು ತಿನ್ನೋರಲ್ಲ ಕಣ್ರೀ," ಎಂದು ಮಾವ ಕೂಗಿದರು. ಪಾಪ, ಮಾವ ಕೈ ಬೀಸಿದ್ದು ನೀರಿನ ಟ್ಯಾಂಕಿನ ಕಡೆಗೆ.

ಸ್ನೇಹಿತರು ನಗಲಿಲ್ಲ. "ಎರಡು ಬೇರೆ ಕಂಪನಿ ಮಾಲು. ಎರಡ್ರಲ್ಲೂ ಒಂದೇ ಥರ ಮಸುಕು. ಹೊಸದಾಗಿ ಸೇರಿದ ಹುಡುಗರಿಗೆ ನೀನು ಏನ್ ಹೇಳ್ಕೊಡ್ತಿದ್ದೆ ಗುರು?"

ಮಾವ ನನ್ನ ಕೈಯಿಂದ ದುರ್ಬೀನುಗಳನ್ನು ತೆಗೆದುಕೊಂಡು ಗಾಜನ್ನು ಮತ್ತೆ ಒರೆಸಿದರು. ಆಮೇಲೆ ಪಾಠ ಒಪ್ಪಿಸುವವರಂತೆ ಹೇಳಿದರು. "ಎರಡು ಕಡೆ ಮಾಲಲ್ಲಿ ಒಂದೇ ದೋಷ ಕಂಡ್ರೆ ಮಾಲನ್ನ ಬಯ್ಬೇಡ. ನೀನು ನೋಡ್ತಿರೋ ಲೆನ್ಸ್ ಮೊದ್ಲು ಚೆಕ್ ಮಾಡು."

ದುರ್ಬೀನನ್ನು ಎಡಗಣ್ಣಿಗೆ ಬದಲಾಯಿಸಿಕೊಂಡರು. ಒಂದು, ಇನ್ನೊಂದು, ಮತ್ತೆ ಮೊದಲನೆಯದು.

"ಎರಡನೇದು ತಗೋ," ಎಂದರು ಕೊನೆಗೆ. "ಇಷ್ಟು ಕತ್ತಲಲ್ಲೂ ಹೋತದ ಗಡ್ಡದ ಕೂದಲು ಬಿಡಿಬಿಡಿಯಾಗಿ ಕಾಣ್ತಿದೆ. ಆದ್ರೆ ಜಿಂಕೆನ ಬರೀ ನೋಡು ಮಾರಾಯ, ಹೊಡೀಬೇಡ."

ಕೆಳಗಿಳಿದವರೇ ಕನ್ನಡಿಯ ಅಂಚಿನಲ್ಲಿ ಅಂಟಿಸಿದ್ದ ಅತ್ತೆಯ ಬೊಟ್ಟನ್ನು ಕಿತ್ತು, ತಮ್ಮ ಕನ್ನಡಕದ ಬಲಗಾಜಿಗೆ ಹಚ್ಚಿದರು. ಸ್ಕೂಟರಿನ ಕೀ ನನ್ನ ಕೈಗಿಟ್ಟರು. "ನಾಳೆ ನೀನೇ ಕರ್ಕೊಂಡ್ ಹೋಗಮ್ಮ." ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಬೊಟ್ಟು ತೆಗೆಯಿರಿ, ನಾಲ್ಕು ಜನ ನಗುತ್ತಾರೆ ಎಂದು ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ಹಾಗೆಯೇ ಹಾಕಿಕೊಂಡು ಆಸ್ಪತ್ರೆಗೆ ಬಂದರು. ಯಾವ ಕಣ್ಣು ಎಂದು ಡಾಕ್ಟರು ಕೇಳಲೇ ಇಲ್ಲ.