ಜಾಲಿಮರಕ್ಕೆ ಕಟ್ಟಿದ ಅಳತೆಗೋಲು

ನಾನು ಹುಟ್ಟಿ ಬೆಳೆದದ್ದು ಆಳಂದದ ಕಡೆ. ಇಪ್ಪತ್ತಾರು ವರ್ಷದವನಾಗುವವರೆಗೆ ನಾನು ಕಂಡ ಅತಿ ದೊಡ್ಡ ನೀರೆಂದರೆ ನಿಂಬರ್ಗಾದಲ್ಲಿ ನಮ್ಮ ಸೋದರಮಾವನ ತೊಗರಿ ಹೊಲದ ಬಾವಿ. ಅಂಥವನನ್ನು, ಮೂವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಸಮುದ್ರದ ಶಾಸ್ತ್ರ ಕಲಿತು ಬಾ ಎಂದು ಪಡುವಣ ಕಡಲ ದಂಡೆಗೆ ಕಳಿಸಿದರು. ಶಿಕ್ಷಣ ಖಾತೆಯವರು ಏನು ಕಂಡು ನನ್ನನ್ನು ಆರಿಸಿದರೋ ಇಂದಿಗೂ ತಿಳಿದಿಲ್ಲ. ಭೂಗೋಳ ಕಲಿಸುವ ಮಾಸ್ತರನೊಬ್ಬ ಬೇಕಾಗಿತ್ತು, ರಜೆಯಲ್ಲಿ ಖಾಲಿ ಕೂತವನು ನಾನೊಬ್ಬನೇ ಇದ್ದೆ, ಅಷ್ಟೇ ಇರಬೇಕು.

ಆರು ವಾರದ ತರಬೇತಿ. ಅಲ್ಲಿ ನಮಗೆ ಪಾಠ ಹೇಳುತ್ತಿದ್ದವರು ಬರಿಗಾಲಲ್ಲೇ ಓಡಾಡುವ, ನಗುವುದನ್ನು ಮರೆತಿದ್ದ ಒಬ್ಬ ಹಿರಿಯರು. ದೋಣಿಗಳು ನಿಲ್ಲುವ ಕಲ್ಲಿನ ಧಕ್ಕೆಗೆ ಬಿಗಿದಿದ್ದ ಅಳತೆಗೋಲಿನ ಮುಂದೆ ನಮ್ಮನ್ನು ನಿಲ್ಲಿಸಿ, ತಾಸಿಗೊಮ್ಮೆ ನೀರಿನ ಮಟ್ಟ ಬರೆಸುತ್ತಿದ್ದರು. ನೀರು ಏರುತ್ತದೆ, ಕೆಲಹೊತ್ತು ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಆ ನಿಂತ ಹೊತ್ತು ನೋಡಿಕೊಂಡು ದೋಣಿಗಳು ಒಳಗೆ ಹೊರಗೆ ಆಗುತ್ತವೆ. ಕಣ್ಣಿಂದ ಕಂಡದ್ದನ್ನು ಬರೆಯಿರಿ, ಕಿವಿಯಿಂದ ಕೇಳಿದ್ದನ್ನು ಬರೆಯಬೇಡಿ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನನಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಊರಿಗೆ ಮರಳುವ ದಾರಿಯುದ್ದಕ್ಕೂ ರೈಲಿನಲ್ಲಿ ಅದನ್ನೇ ಗುನುಗುತ್ತಾ ಬಂದೆ.

ಆಗ ನನ್ನ ನೌಕರಿ ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ, ಭೀಮಾ ನದಿಯ ದಂಡೆಯಲ್ಲಿ. ಸಮುದ್ರವೆಂದರೆ ನಕಾಶೆಯ ಮೇಲಿನ ನೀಲಿ ಬಣ್ಣ ಎಂದು ತಿಳಿದಿದ್ದ ಮಕ್ಕಳ ಮುಂದೆ ಒಣಗಿದ ನಕ್ಷತ್ರಮೀನು, ಶಂಖ, ಕಪ್ಪೆಚಿಪ್ಪು ಹರಡಿದೆ. ಸೀಸೆಯಲ್ಲಿ ತಂದಿದ್ದ ಕಡಲ ನೀರನ್ನು ತಾಟಿನಲ್ಲಿ ಬಿಸಿಲಿಗಿಟ್ಟು, ಉಳಿದ ಉಪ್ಪನ್ನು ಒಬ್ಬೊಬ್ಬರ ನಾಲಗೆಗೆ ಹಚ್ಚಿದೆ. ಒಬ್ಬ ಹುಡುಗ ಮುಖ ಕಿವುಚಿ, "ಇಷ್ಟ್ ಉಪ್ಪ ಹಾಕಿದವರು ಯಾರ್ರಿ ಮಾಸ್ತರ್ರ?" ಎಂದು ಕೇಳಿದ. ಆ ಪ್ರಶ್ನೆಯ ಮೇಲೆ ಎರಡು ದಿನ ಪಾಠ ಮಾಡಿದೆ. ಇಡೀ ಜನ್ಮದಲ್ಲಿ ಅಷ್ಟು ಚೆನ್ನಾಗಿ ಕಲಿಸಿದ್ದು ಅದೇ ಎರಡು ದಿನ ಎನ್ನಬಹುದು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಖಾತೆಯ ಸಾಹೇಬರಿಂದ ಕಾಗದ ಬಂತು: ತರಬೇತಿಯನ್ನು ಶಾಲೆಯಲ್ಲಿ ಹೇಗೆ ಉಪಯೋಗಿಸಿದ್ದೀರಿ, ತಪಾಸಣೆಗೆ ಬಂದಾಗ ತೋರಿಸತಕ್ಕದ್ದು. ನನ್ನ ತಲೆಯಲ್ಲಿ ಧಕ್ಕೆಯ ಅಳತೆಗೋಲು ಎದ್ದು ನಿಂತಿತು.

ಒಂದು ಉದ್ದನೆಯ ಬಿದಿರಿನ ಗಳಕ್ಕೆ ಅಡಿಗೊಂದು ಸುಣ್ಣದ ಪಟ್ಟೆ ಎಳೆಸಿದೆ. ಹೊಳೆಯ ಅಂಚಿನ ಎರೆಮಣ್ಣಿನಲ್ಲಿ ಅದನ್ನು ನೆಟ್ಟು, ವಾಲದಿರಲೆಂದು ಪಕ್ಕದ ಜಾಲಿಮರಕ್ಕೆ ಮೇಲೊಂದು ಕೆಳಗೊಂದು ಹಗ್ಗದ ಕುಣಿಕೆ ಹಾಕಿ ನಿಲ್ಲಿಸಿದೆ. ಗಳದ ತುದಿ ಸರಿಯಾಗಿ ಜಾಲಿಯ ಕವಲಿನ ಮಟ್ಟಕ್ಕೆ ಬಂತು. ತಾಸಿಗೊಮ್ಮೆ ಓದಿ ಬರೆಯುವ ಕೆಲಸವನ್ನು ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿಗೆ ಕೊಟ್ಟೆ. ಹೊಳೆ ದಾಟಿಸುವ ಅಂಬಿಗರ ಮಗಳು. ಅಂಕಿಗಳನ್ನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದಳು. ವಹಿಯಲ್ಲಿ ಮೂರು ಮನೆ: ಹೊತ್ತು, ನೀರು, ಷರಾ. ಪ್ರತಿ ಸಾಲಿಗೂ ನನ್ನ ಸಹಿ ಬೀಳಬೇಕು, ಸಹಿ ಇಲ್ಲದ ಸಾಲು ಸಾಲೇ ಅಲ್ಲ ಎಂದು ನಿಯಮ ಮಾಡಿದ್ದೆ.

ಆಚೆ ದಂಡೆಯ ಸಣ್ಣ ವಾಡಿಯಿಂದ, ಈ ಹುಡುಗಿಯೂ ಸೇರಿ ಒಂಬತ್ತು ಮಕ್ಕಳು ದಿನವೂ ಅಂಬಿಗರ ಹರಿಗೋಲಿನಲ್ಲಿ ಶಾಲೆಗೆ ಬರುತ್ತಿದ್ದರು. ಅಂಬಿಗರ ಮನೆಯೂ ಅಲ್ಲೇ. ಮಳೆಗಾಲ ಹಿಡಿಯಿತು. ಮೂರು ತಾಸು ಅಂಕಿ ಬದಲಾಗದಿದ್ದರೆ ನೀರು ನಿಂತಿದೆ ಎಂದರ್ಥ, ದಾಟಲು ಅದೇ ಒಳ್ಳೆಯ ಹೊತ್ತು ಎಂದು ಮಕ್ಕಳಿಗೆ ಕಲಿಸಿದೆ. ಸಣ್ಣ ಸಣ್ಣ ಏರಿಳಿತಗಳಲ್ಲಿ ಅದು ಐದಾರು ಸಲ ಸರಿಹೋಯಿತು. ಊರವರು ಕಟ್ಟೆಯ ಮೇಲೆ ಕೂತು, "ಮಾಸ್ತರ್ರ ಕೋಲು ಇವತ್ತ ಏನಂತದ?" ಎಂದು ಕೇಳತೊಡಗಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ದಿನ ನಮ್ಮಲ್ಲಿ ಹನಿ ಮಳೆಯಿಲ್ಲ. ಬಿಸಿಲು ಬಿದ್ದಿತ್ತು. ಹನ್ನೊಂದಕ್ಕೆ ಆರು ಅಡಿ ಇದ್ದ ನೀರು ಹನ್ನೆರಡಕ್ಕೆ ಒಂಬತ್ತಾಯಿತು. ಒಂದಕ್ಕೆ ಒಂಬತ್ತು. ಎರಡಕ್ಕೂ ಒಂಬತ್ತು. ಎರಡು ಗಂಟೆಯ ಸಾಲಿಗೆ ಸಹಿ ಹಾಕಲು ಹೋದರೆ ಷರಾದ ಮನೆಯಲ್ಲಿ ಹುಡುಗಿ ಬರೆದಿದ್ದಳು: "ಇನ್ನೂ ಏರತದ ಅಂತ ಅಪ್ಪ ಅಂದ."

ನನಗೆ ಸಿಟ್ಟು ಬಂತು. "ಅಂಕಿ ಏನ್ ಹೇಳ್ತದ? ಇದು ನಿನ್ನ ಕಣ್ಣಿಂದ ಕಂಡದ್ದೇನು, ಕಿವಿಯಿಂದ ಕೇಳಿದ್ದೇನು?" ಎಂದೆ.

"ಕೇಳಿದ್ದರಿ," ಅಂದಳು.

ಕೆಂಪು ಮಸಿಯಿಂದ ಆ ಮಾತಿನ ಮೇಲೆ ಉದ್ದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದೆ. ಮೂರಕ್ಕೆ ಮತ್ತೆ ಒಂಬತ್ತು.

ಶಾಲೆ ಬಿಟ್ಟಾಗ ಅಂಬಿಗರು ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ, ಅದರ ಮೇಲೆಯೇ ಕೂತಿದ್ದರು. ಆಚೆ ದಂಡೆಯಲ್ಲಿ ತಾಯಂದಿರು ಕೈಬೀಸಿ ಏನೋ ಕೂಗುತ್ತಿದ್ದರು, ನೀರಿನ ಸದ್ದಿಗೆ ಕೇಳುತ್ತಿರಲಿಲ್ಲ.

"ಇವತ್ತ ಬ್ಯಾಡ್ರಿ ಮಾಸ್ತರ್ರ. ಮಕ್ಕಳು ಸಾಲ್ಯಾಗೇ ಮಲಗ್ಲಿ," ಎಂದರು ಅಂಬಿಗರು. "ಮ್ಯಾಲೆ ಅಫಜಲಪುರದ ಕಡಿಂದ ನೀರು ಬರಾಕತ್ತದ."

"ಕೋಲು ನೋಡ್ರಿ. ಮೂರು ತಾಸಿನಿಂದ ನೀರು ನಿಂತದ."

"ಕೋಲು ನಾ ನೋಡಿಲ್ರಿ. ಕಸ ನೋಡೀನಿ. ಹೊಳಿ ಇಳಿಯೂಮುಂದ ಕಸ ನಡುವ ಹೋಗ್ತದ, ಏರೂಮುಂದ ದಂಡಿಗೆ ಬರ್ತದ. ನೋಡ್ರಿ, ಎಲ್ಲಾ ದಂಡಿಗೇ ಬರಾಕತ್ತದ."

ಸುತ್ತ ಊರ ಜನ ಸೇರಿದ್ದರು. ಅವರ ಮುಂದೆ ಕಸವನ್ನು ನನ್ನ ಕೋಲಿನ ಸಮಕ್ಕೆ ತಂದು ನಿಲ್ಲಿಸಿದ್ದು ನನಗೆ ಸಹಿಸಲಾಗಲಿಲ್ಲ. ಈಗಲೇ ದಾಟದಿದ್ದರೆ ಮತ್ತೆ ಹೊತ್ತು ಸಿಗುವುದಿಲ್ಲ ಎಂದೆ. ನಾಲ್ಕು ಜನರ ಮುಂದೆ ಕಲಿತವನ ಮಾತಿಗೆ ಬೆಲೆ ಇಲ್ಲವೇ ಎಂದೆ. ಅವರು ಅಲುಗಲಿಲ್ಲ. ಕಡೆಗೆ ಹೇಳಬಾರದ್ದನ್ನು ಹೇಳಿದೆ: ಮಕ್ಕಳನ್ನು ದಾಟಿಸಲು ಒಲ್ಲೆ ಅಂದರೆಂದು ತಹಸೀಲಿಗೆ ಬರೆಯುತ್ತೇನೆ, ಈ ಕಡವಿನಲ್ಲಿ ಹೊಳೆ ದಾಟಿಸುವ ಕೆಲಸ ಬೇರೆಯವರಿಗೆ ಹೋಗುತ್ತದೆ.

ಅಂಬಿಗರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಎದ್ದು ಹರಿಗೋಲನ್ನು ನೀರಿಗೆ ದೂಡಿ, "ಹಂಗಾದ್ರ ನೀವೂ ಕೂಡ್ರಿ," ಎಂದರು.

ಕೂತೆ. ಒಂಬತ್ತು ಮಕ್ಕಳು ಒಬ್ಬರ ಮೊಣಕಾಲು ಒಬ್ಬರಿಗೆ ತಗಲುವಂತೆ ಸುತ್ತ ಕೂತರು. ಹುಡುಗಿ ವಹಿಯನ್ನು ಲಂಗದೊಳಗೆ ಸಿಕ್ಕಿಸಿಕೊಂಡಳು. ದಂಡೆ ಬಿಟ್ಟು ಹತ್ತು ಮಾರು ಹೋಗುವಷ್ಟರಲ್ಲೇ ಹರಿಗೋಲು ತಿರುಗತೊಡಗಿತು. ಅದು ತಿರುಗಿದಾಗ ನನಗೆ ನಮ್ಮ ದಂಡೆ ಎದುರಾಯಿತು, ಜಾಲಿಮರ ಎದುರಾಯಿತು. ನನ್ನ ಕೋಲು ಬೆಳೆದಿತ್ತು.

ಬೆಳಿಗ್ಗೆ ಕವಲಿನ ಮಟ್ಟಕ್ಕಿದ್ದ ತುದಿ ಈಗ ಕವಲಿನ ಮೇಲೆ ಒಂದು ಆಳಿನಷ್ಟು ಎತ್ತರದಲ್ಲಿತ್ತು. ಧಕ್ಕೆಯ ಕೋಲನ್ನು ಕಲ್ಲಿಗೆ ಬಿಗಿದಿದ್ದರು. ನಾನು ನೆಟ್ಟದ್ದು ಎರೆಮಣ್ಣಿನಲ್ಲಿ, ನೀರು ಕುಡಿದರೆ ಅಂಬಲಿಯಾಗುವ ಮಣ್ಣಿನಲ್ಲಿ. ಬುಡ ಸಡಿಲಾಗಿ, ಟೊಳ್ಳು ಬಿದಿರು ಕುಣಿಕೆಗಳೊಳಗೆ ಜಾರುತ್ತಾ ನೀರಿನ ಜೊತೆಗೇ ಮೇಲೇರಿತ್ತು. ನೀರು ಎಷ್ಟೇ ಏರಿದರೂ ಅದು ಒಂಬತ್ತೆಂದೇ ಹೇಳುತ್ತಿತ್ತು. ನಾನು ಒಂಬತ್ತನ್ನು ನೋಡಿದೆನೇ ಹೊರತು ಕೋಲನ್ನು ನೋಡಿರಲಿಲ್ಲ.

"ತಿರುಗಿಸ್ರಿ!" ಎಂದು ಚೀರಿದೆ.

"ಈಗ ಆಗೂದಿಲ್ರಿ," ಎಂದರು ಅಂಬಿಗರು, ತಣ್ಣಗೆ. "ಯಾರೂ ಏಳಬ್ಯಾಡ್ರಿ. ಅಂಚು ಹಿಡೀಬ್ಯಾಡ್ರಿ. ಒಬ್ಬರಿಗೊಬ್ಬರು ಹಿಡಕೊಳ್ರಿ."

ಹೊಳೆಯ ಮೇಲ್ಗಡೆಯಿಂದ ಬೇರುಸಹಿತ ಒಂದು ಬೇವಿನ ಮರ ಬಂತು. ಹುಟ್ಟುಗೋಲಿನಿಂದ ಅದನ್ನು ಒತ್ತಿ ಸರಿಸುವಾಗ ಅಂಬಿಗರ ಭುಜದಿಂದ ಬಂದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅವರು ಒಂದು ಸಲ ಕಣ್ಣು ಮುಚ್ಚಿದರು. ಆಮೇಲೆ ಹುಟ್ಟನ್ನು ಎಡಗೈಗೆ ತೆಗೆದುಕೊಂಡರು. ನಾನು ಎರಡೂ ಕೈಯಿಂದ ನೀರು ಎತ್ತಿ ಹಾಕುತ್ತಿದ್ದೆ. ಚಿಕ್ಕ ಮಕ್ಕಳಿಬ್ಬರು ಅಳುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದರು. ಮಾಸ್ತರರು ಇದ್ದಾರೆ ಎಂಬ ಧೈರ್ಯ ಅವರ ಮುಖದ ಮೇಲೆ ಇನ್ನೂ ಇತ್ತು. ಅಷ್ಟು ನಾಚಿಕೆ ನಾನು ಯಾವತ್ತೂ ಪಟ್ಟಿಲ್ಲ.

ಅರ್ಧ ಹರದಾರಿ ಕೆಳಗೆ, ಆಚೆ ದಂಡೆಯ ಮುಳುಗಿದ ಜೋಳದ ಹೊಲವೊಂದರಲ್ಲಿ ಹರಿಗೋಲು ಸಿಕ್ಕಿಕೊಂಡಿತು. ಒಂಬತ್ತು ತಲೆಗಳನ್ನು ಮುಟ್ಟಿ ಮುಟ್ಟಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ದಂಡೆಯುದ್ದಕ್ಕೂ ಓಡಿಬಂದ ತಾಯಂದಿರು ನನ್ನನ್ನು ಬೈಯಲಿಲ್ಲ. ಕೋಲಿನ ವಿಷಯ ಅವರಿಗೆ ತಿಳಿದಿರಲಿಲ್ಲ, ಅಂಬಿಗರು ಹೇಳಲೂ ಇಲ್ಲ. ಒಬ್ಬಳು ನನಗೇ ಕೈಮುಗಿದು, "ನೀವಿದ್ರಿ ಅಂತ ಉಳದ್ವು," ಎಂದಳು. ಅಲ್ಲ ತಾಯಿ, ನನ್ನಿಂದಲೇ ಹೋಗುತ್ತಿದ್ದವು ಎಂದೆ. ಅವಳು ಅದನ್ನು ನನ್ನ ದೊಡ್ಡತನವೆಂದು ತಿಳಿದಳು.

ಅಂಬಿಗರ ಬಲಭುಜವನ್ನು ನೆಲೋಗಿಯ ಕಡೆಯ ನಾಟಿ ವೈದ್ಯರೊಬ್ಬರು ಕೂಡಿಸಿ ಕಟ್ಟಿದರು. ಕೈ ಬಂತು, ಬಲ ಬರಲಿಲ್ಲ. ಹರಿಗೋಲು ಅವರ ತಮ್ಮನ ಪಾಲಾಯಿತು. ನೀರು ಇಳಿದ ಮೇಲೆ ಹೋಗಿ ಅವರ ಕಾಲು ಮುಟ್ಟಲು ಬಾಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು, "ಕೋಲು ಬಿಡಬ್ಯಾಡ್ರಿ, ಹುಡುಗ್ರು ಛಲೋ ಕಲ್ತಾರ. ಆದ್ರ ಕಡವಿನಾಗ ಇಳಿಯೂ ಕಲ್ಲ ಪಾವಟಿಗಿಗಿ ಗೀಟು ಹೊಡಸ್ರಿ. ಕಲ್ಲು ಏಳೂದಿಲ್ಲ," ಎಂದರು. ಅಷ್ಟೇ. ಬೈದಿದ್ದರೆ ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದೆ.

ಎಂಟು ದಿನದ ಮೇಲೆ ಹುಡುಗಿ ಶಾಲೆಗೆ ಬಂದಳು. ವಹಿ ನೆನೆದು ಒಣಗಿ ಹಪ್ಪಳದಂತಾಗಿತ್ತು, ಅಕ್ಷರಗಳು ಮಾತ್ರ ಉಳಿದಿದ್ದವು. ಎಲ್ಲ ಮಕ್ಕಳ ಮುಂದೆ ಆ ಪುಟ ತೆರೆದು, ಕೋಲು ಹೇಗೆ ಸುಳ್ಳು ಹೇಳಿತು, ನಾನು ಹೇಗೆ ಕೇಳಿಕೊಂಡೆ ಎಂದು ಮೊದಲಿನಿಂದ ಕಡೆಯವರೆಗೆ ಹೇಳಿದೆ. ಸಾಹೇಬರು ಬಂದಾಗಲೂ ಇದೇ ಪುಟ ತೋರಿಸುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಆಮೇಲೆ ನನ್ನ ಕೆಂಪು ಮಸಿಯ ಟಾಕನ್ನು ಹುಡುಗಿಯ ಕೈಗೆ ಕೊಟ್ಟು, ನಾನು ಹೊಡೆದು ಹಾಕಿದ್ದನ್ನು ಕೆಳಗೆ ತಿರುಗಿ ಬರೆ ಎಂದೆ.

"ಕೇಳಿದ್ದ ಬರೀಬಾರ್ದಲ್ರಿ?" ಎಂದಳು.

"ಅವರು ಕಂಡು ಹೇಳಿದ್ದವ್ವ. ಬರಿ."

ನಿಧಾನವಾಗಿ ಬರೆದಳು: "ಇನ್ನೂ ಏರತದ ಅಂತ ಅಪ್ಪ ಅಂದ." ಊದಿ ಆರಿಸಿದಳು. ಟಾಕನ್ನು ಒರೆಸಿ ನನ್ನ ಮುಂದಿಟ್ಟು, ವಹಿಯನ್ನು ನನ್ನ ಕಡೆ ತಿರುಗಿಸಿದಳು.

"ಸಹಿ ಮಾಡ್ರಿ ಮಾಸ್ತರ್ರ. ಸಹಿ ಇಲ್ಲದ ಸಾಲು ಸಾಲೇ ಅಲ್ಲ ಅಂದೀರಿ."

ಮಾಡಿದೆ. ಒಂದೊಂದೇ ಅಕ್ಷರ ಎಷ್ಟು ನಿಧಾನವಾಗಿ ಬರೆದೆನೆಂದರೆ, ಮೇಲಿನ ಸಹಿ ಮತ್ತು ಕೆಳಗಿನ ಸಹಿ ಒಬ್ಬನವೇ ಎಂದು ಯಾರೂ ಒಪ್ಪಲಾರರು.