ಹಿತಕಿದ ಬೇಳೆ ಬಿಟ್ಟವಳು

ಅವರೆಕಾಯಿ ಕಾಲದಲ್ಲಿ ತಿಂಗಳಿಡೀ ಹಿತಕಿದ ಬೇಳೆ ಸಾರು ಮುಟ್ಟದವರು ನಮ್ಮ ಕೆ.ಆರ್. ನಗರದ ಕಡೆ ಯಾರಾದರೂ ಇದ್ದಾರೆಯೇ? ಇದ್ದಾರೆ. ನಾನೇ.

ಎದೆಯಲ್ಲಿ ಗಂಟಿದೆ ಎಂದು ಬಾಯಿಬಿಟ್ಟು ಹೇಳಲು ನನಗೆ ಐದು ತಿಂಗಳು ಹಿಡಿಯಿತು. (ಇದನ್ನು ಬರೆಯುವಾಗಲೂ ಸೆರಗು ಸರಿಮಾಡಿಕೊಂಡೆ, ಮೊಮ್ಮಕ್ಕಳೇ.) ಮೈಸೂರಿನ ಡಾಕ್ಟರು ರಿಪೋರ್ಟ್ ನೋಡಿ, "ಗಂಟಿನ ಜೀವಕೋಶಗಳ ಮೇಲೆ ಒಂದು ಪ್ರೋಟೀನ್ ಬಹಳ ಜಾಸ್ತಿ ಇದೆಯಮ್ಮ. ಅದಕ್ಕೆಂದೇ ಇಂಜೆಕ್ಷನ್ ಇದೆ" ಎಂದರು. ಹಾಗೆಂದರೇನು ಎಂದು ಕೇಳಿದೆನೇ? ಇಲ್ಲ. ತಲೆಯಾಡಿಸಿದೆ. ಗಂಡಸು ಡಾಕ್ಟರ ಎದುರು ನನಗೆ ಬರುವುದು ಅದೊಂದೇ.

ಊರಿಗೆ ಬಂದರೆ, ಅಂಗನವಾಡಿಯಲ್ಲಿ ಅಡುಗೆ ಮಾಡುವ ನಾದಿನಿ ಪುಟ್ಟಮ್ಮ ತೀರ್ಪು ಕೊಟ್ಟೇಬಿಟ್ಟಳು.

"ಪ್ರೋಟೀನ್ ಅಂದ್ರೆ ಕಾಳು, ಮೊಟ್ಟೆ ಕಣತ್ಗೆ. ನಮ್ ಚಾರ್ಟಲ್ಲೇ ಬರ್ದವ್ರೆ. ಜಾಸ್ತಿ ಆಯ್ತು ಅಂದ್ಮೇಲೆ ಬುಟ್ಬುಡು!"

ಬಿಟ್ಟೆ. ಅವರೆ, ಹುರುಳಿ, ಮೊಟ್ಟೆ, ಎಲ್ಲವನ್ನೂ. ಮನೆಮಂದಿಗೆಲ್ಲ ಕಾಳು ಹಿತಕಿದವಳು ನಾನು, ಉಂಡದ್ದು ಗಂಜಿ. ಮುಂದಿನ ಸಲ ಹೋದಾಗ ತೂಕವಿಲ್ಲ, ರಕ್ತವಿಲ್ಲ. ಇಂಜೆಕ್ಷನ್ ಮುಂದಕ್ಕೆ ಹೋಯಿತು. ಗಂಟು ಕಾಯುತ್ತದೆಯೇ?

ವಾಪಸ್ ಬರುವ ಬಸ್ಸಿನಲ್ಲಿ ಮೊಮ್ಮಗಳು ಸಿಂಧು (ಬಿ.ಎಸ್‌ಸಿ. ಓದುತ್ತಿದ್ದಾಳೆ) ಬಾಯಿ ಬಿಡಿಸಿದಳು. ಕೇಳಿ ಹಣೆ ಚಚ್ಚಿಕೊಂಡಳು.

"ಅಜ್ಜಿ, ತಾತ ಏನ್ ಕೆಲ್ಸ ಮಾಡ್ತಿದ್ರು?"

"ನೀರುಗಂಟಿ. ನಾಲೆ ತೂಬು ತೆಗ್ಯೋದು, ಮುಚ್ಚೋದು."

"ಆ ಪ್ರೋಟೀನೂ ಅಂಗೇ. 'ಬೆಳಿ' ಅಂತ ಹೊರಗಿಂದ ಸುದ್ದಿ ಬತ್ತದೆ. ಕೇಳುಸ್ಕೊಂಡು ತೂಬು ತೆಗೀತದೆ. ಆಮೇಲೆ ಮುಚ್ಬೇಕು. ನಿನ್ ಎದೆ ಗಂಟ್ನಲ್ಲಿ ಒಬ್ಬ ಇರೋ ಕಡೆ ಹತ್ತಾರು ನೀರುಗಂಟಿಗಳು ನಿಂತವ್ರೆ. ಎಲ್ಲಾ ತೆಗ್ಯೋರೇ, ಮುಚ್ಚೋರೇ ಇಲ್ಲ."

"ಇಂಜೆಕ್ಷನ್ನು?"

"ಅವ್ರ ಕೈ ಹಿಡ್ಕೊಳಾಕೆ."

"ಅವರೆಕಾಳು?"

"ಅದು ಹೊಟ್ಟೇಲಿ ಕರಗಿ ಮೈಗೆ ಶಕ್ತಿ ಆಯ್ತದೆ. ಅವರೆಕಾಳು ತಿಂದ್ರೆ ನೀರುಗಂಟಿ ಹುಟ್ಟಾಕಿಲ್ಲ ಕಣಜ್ಜಿ!"

ಮುಂದಿನ ಸೀಟಿನವರೂ ನಕ್ಕರು. ನನಗೆ ನಗಲೂ ಸುಸ್ತು.

ಕಿಟಕಿಯಾಚೆ ನಾಲೆ ಕಂಡಿತು. ನಮ್ಮವರು ತೂಬು ತೆಗೆದಾಗ ಊರೆಲ್ಲ ಕೈಮುಗಿಯುತ್ತಿತ್ತು, ಮುಚ್ಚಿದಾಗ ಬೈಯುತ್ತಿತ್ತು. ಗದ್ದೆ ಕೊಳೆಯದೆ ಉಳಿದದ್ದು ಅವರು ಮುಚ್ಚಿದ್ದರಿಂದ ಎಂದು ಯಾರಾದರೂ ಅಂದರೇ? ನಾನೂ ಅನ್ನಲಿಲ್ಲ. ಈಗ ನನ್ನ ಮೈಯೇ ಹೇಳಿಕೊಡುತ್ತಿದೆ.

ಅಂದು ಸಂಜೆ, ಸಿಂಧು ಹೇಳಿದ್ದು ಕೇಳಿ ಪುಟ್ಟಮ್ಮನೇ ಹಿತಕಿದ ಬೇಳೆ ಸಾರು ತಂದಳು. "ನನ್ ಮಾತ್ ಯಾಕತ್ಗೆ ಕೇಳ್ದೆ? ಡಾಕ್ಟ್ರುನ್ನೇ ಕೇಳಾಕಾಗ್ನಿಲ್ವಾ?" ಎಂದು ನನ್ನನ್ನೇ ಗದರಿದಳು. ಬೇಜಾರೇನಿಲ್ಲ. ಎರಡು ಮುದ್ದೆ ಉಂಡೆ.

ಸೋಮವಾರ ಮತ್ತೆ ತೂಕ ನೋಡುತ್ತಾರೆ. ಈ ಸಲವಾದರೂ ಇಂಜೆಕ್ಷನ್ ಕೊಟ್ಟಾರು.

ಮುಚ್ಚಲು ಬಾರದ ತೂಬು ಊರು ಮುಳುಗಿಸುತ್ತದೆ, ಸರಿ. ಐದು ತಿಂಗಳು ತೆರೆಯಲು ಬಾರದ ನನ್ನ ಈ ಬಾಯಿಗೆ ಏನನ್ನಬೇಕು?