ರಾಗ ಎಳೆದ ಎಣಿಕೆ

ನಮ್ಮ ಡಾಕ್ಟರ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ಅಗಲವಾಗಿತ್ತು. ಅದರ ಉಗುರನ್ನು ಸದಾ ಮಾಂಸದವರೆಗೂ ಕತ್ತರಿಸಿರುತ್ತಿದ್ದರು. ೧೯೬೦ರ ಆಸುಪಾಸಿನ ಶಿಡ್ಲಘಟ್ಟದಲ್ಲಿ ಕಾಲಿನ ರಕ್ತದ ಓಟ ಅಳೆಯುವ ಯಂತ್ರ ಆ ಹೆಬ್ಬೆರಳೊಂದೇ. ಕಾಲ್ಬೆರಳ ತುದಿಯನ್ನು ಒತ್ತಿ ಬಿಡುವರು, ಬಿಳಿಚಿದ ಚರ್ಮ ಮತ್ತೆ ಕೆಂಪಾಗುವವರೆಗೆ ತೆಲುಗಿನಲ್ಲಿ ಎಣಿಸುವರು: "ಒಕಟಿ, ರೆಂಡು, ಮೂಡು..." ಕನ್ನಡದಲ್ಲಿ ಯಾಕೆ ಎಣಿಸುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ಲೆಕ್ಕ ಕಲ್ತಿದ್ದು ನಮ್ಮಮ್ಮನ ಹತ್ರ. ಅವಳಿಗೆ ಕನ್ನಡ ಬರ್ತಿರ್ಲಿಲ್ಲ ಕಣಮ್ಮ" ಎಂದರು.

ಅಪ್ಪನ ಎಡಗಾಲ ಬೆರಳಿನ ಹುಣ್ಣು ಮಾಯದಿದ್ದಾಗ ನಮ್ಮೂರು ಜಂಗಮಕೋಟೆಯಿಂದ ಅವರಲ್ಲಿಗೆ ಹೋದೆವು. ಒತ್ತಿದ ಜಾಗ ಆರು ಎಣಿಸಿದ ಮೇಲೆ ಕೆಂಪಾಯಿತು.

"ಮೂರು ಎಣಿಸೋದ್ರೊಳಗೆ ರಕ್ತ ಬರ್ಬೇಕು ಗೌಡ್ರೇ. ಬೀಡಿ ಬಿಡಿ, ಇಲ್ಲಾಂದ್ರೆ ಕಾಲೇ ನಿಮ್ಮನ್ನ ಬಿಡುತ್ತೆ."

ನನಗೂ ಎಣಿಕೆ ಕಲಿಸಿದರು. ದಿನಾ ಬೆಳಿಗ್ಗೆ ನೋಡಬೇಕು, ಎಣಿಕೆ ಎಂಟಕ್ಕೆ ಹೋದರೆ ಅಪ್ಪನನ್ನು ಅವತ್ತೇ ಕರೆತರಬೇಕು.

ಬೆಳಗಾದರೆ ಅಪ್ಪ ಕಾಲು ನೀಡಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದ. ಎಂಟಾದ ದಿನ ಆ ಮುಖಕ್ಕೆ ಎಂಟು ಎಂದು ಹೇಳಲು ನನಗೆ ನಾಲಿಗೆಯೇ ಏಳಲಿಲ್ಲ. ಮತ್ತೊಮ್ಮೆ ಒತ್ತಿ, ಒಂದೊಂದು ಅಂಕಿಯನ್ನೂ ಸ್ವಲ್ಪ ಎಳೆದು ಎಣಿಸಿದೆ, ಐದಾಯಿತು. ಮರುದಿನ ಇನ್ನೂ ಎಳೆದೆ, ನಾಲ್ಕು. ಅಪ್ಪ ಖುಷಿಯಾಗಿ ಬೀಡಿ ಹಚ್ಚಿದ.

ಬೆರಳು ಕಪ್ಪಾದ ಮೇಲೆ ಓಡಿದೆವು. ಡಾಕ್ಟರು ಅಪ್ಪನನ್ನು ಹೊರಗೆ ಕೂರಿಸಿ, ಚಪ್ಪಲಿ ಕಳಚಿ, ತಮ್ಮದೇ ಪಾದವನ್ನು ಸ್ಟೂಲಿನ ಮೇಲಿಟ್ಟರು.

"ಮನೇಲಿ ಹೆಂಗೆ ಎಣಿಸ್ತಿದ್ದೆ, ಹಂಗೇ ಎಣ್ಸು."

ಅವರ ಬೆರಳ ತುದಿ ಒತ್ತಿ ಬಿಟ್ಟು ಶುರುಮಾಡಿದೆ: "ಒಕಟೀ..." ಆ ರಾಗ ಮುಗಿಯುವ ಮೊದಲೇ ಅವರ ಬೆರಳು ಕೆಂಪಾಗಿತ್ತು. ನಾನು ತಲೆ ತಗ್ಗಿಸಿದೆ.

"ನೀನು ರಾಗ ಎಳೆದ್ರೆ ರಕ್ತ ಬರಲ್ಲಮ್ಮ. ಎಷ್ಟಿದೆಯೋ ಅಷ್ಟು ಹೇಳು. ಅಳೋದು ಆಮೇಲೆ" ಎಂದರು. ಬೈಯಲಿಲ್ಲ.

ಅಪ್ಪನ ಎರಡು ಬೆರಳು ಹೋದವು. ಕಾಲು ಉಳಿಯಿತು, ಬೀಡಿ ತಪ್ಪಿತು. ಬೆರಳು ಹೋದದ್ದು ನನ್ನಿಂದಲೇ ಎಂಬ ಸಂಕಟ ಇಂದಿಗೂ ಇದೆ. ನಾನು ಎಳೆದು ಎಣಿಸಿದ್ದನ್ನು ಡಾಕ್ಟರು ಅಪ್ಪನಿಗೆ ಯಾವತ್ತೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಅವರೇ ಹಾಸಿಗೆ ಹಿಡಿದರು. ನೋಡಲು ಹೋದಾಗ ಹೊದಿಕೆಯಿಂದ ಪಾದ ಹೊರಗೆ ಚಾಚಿ, "ನೋಡಮ್ಮ" ಎಂದರು. ಪಾದ ತಣ್ಣಗಿತ್ತು. ಬೆರಳ ತುದಿ ಒತ್ತಿ ಬಿಟ್ಟೆ. ಎಳೆದು ಎಣಿಸೋಣವೆಂದು ಬಾಯಿಗೇ ಬಂದಿತ್ತು. ಎಳೆಯಲಿಲ್ಲ.

"ಎಷ್ಟು?"

ಹನ್ನೆರಡಾಗಿತ್ತು. "ಪನ್ನೆಂಡು" ಎಂದೆ.

"ಈಗ ಸರಿಯಾಗಿ ಎಣಿಸ್ದೆ" ಎಂದು ಪಾದವನ್ನು ಒಳಗೆಳೆದುಕೊಂಡರು. ಮೂರನೆಯ ದಿನ ತೀರಿಕೊಂಡರು.

ಪನ್ನೆಂಡು ಎಂದ ಆ ದಿನ ಅವರ ಬಾಗಿಲು ದಾಟಿ ಬೀದಿಗೆ ಬರುವವರೆಗೂ ತಡೆದುಕೊಂಡಿದ್ದೆ. ಆಮೇಲೆ ಅತ್ತುಬಿಟ್ಟೆ.